ಎರಡು ಬೆರಳ ಗಾಳಿ

ವಾಲ್ಪರೈಸೊದ ಗುಡ್ಡ ಹತ್ತುವಾಗ ನೀರಿಗೂ ಏದುಸಿರು.
ಕೆಳಗೆ ಬಂದರು, ಕ್ರೇನು, ತುಕ್ಕು ಹಿಡಿದ ಹಡಗು;
ಮೇಲೆ ತಗಡಿನ ಮನೆಗಳು,
ಒಂದರ ಹೆಗಲ ಮೇಲೊಂದು ಕಾಲೂರಿ ನಿಂತವು.
ನಡುವೆ ಒಂದೇ ಕೊಳವೆ,
ನೂರು ಬಾಯಿ.

ಜನವರಿಯ ಸುಡುಮಧ್ಯಾಹ್ನ.
ದೊನ್ಯ ಎದುವೀಹಿಸ್ ಕಿಟಕಿಗೆ ಪರದೆ ಬೇಕೆಂದು
ಹಳೆಯ ದುಪ್ಪಟಿಗಳಿಗೆ ಪೀಪಾಯಿಯಲ್ಲಿ
ನೀಲಿ ಬಣ್ಣ ಕಟ್ಟುತ್ತಿದ್ದಳು.
ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ
ಬಣ್ಣದ ತಳದಲ್ಲಿ ಮುಳುಗಿ ಮಲಗಿತ್ತು.
ನಲ್ಲಿ ತೆರೆದೇ ಇತ್ತು.
ಫೋನು ಬಂತು, ಒಳಗೆ ಹೋದಳು.
ಅಷ್ಟೇ.

ಆಗಲೇ ಕೆಳಗಿನ ಕಣಿವೆಯ ನೀಲಗಿರಿ ತೋಪಿಗೆ ಬೆಂಕಿ ಬಿತ್ತು.
ಅಗ್ನಿದಳದ ಹುಡುಗರು, ಒಬ್ಬ ಬೇಕರಿಯವ, ಒಬ್ಬ ಮೇಷ್ಟ್ರು,
ತೊಡೆಗಾತ್ರದ ಪೈಪು ಬಿಗಿದು ಬೀದಿಯ ನೀರು ಎಳೆದರು.
ಗುಡ್ಡದ ಕೊಳವೆಗಳೆಲ್ಲ
ಒಮ್ಮೆಗೇ ಉಸಿರು ಒಳಗೆಳೆದುಕೊಂಡವು.
ಪೀಪಾಯಿಯ ನೀಲಿ ಒಂದು ಗೇಣು ಇಳಿಯಿತು.
ಯಾರೂ ನೋಡಲಿಲ್ಲ.
ಬೆಕ್ಕು ನೋಡಿರಬೇಕು, ಅದು ಹೇಳಲಿಲ್ಲ.

ಸಂಜೆ ಬೆಂಕಿ ಆರಿತು, ನೀರು ಮರಳಿತು.
ಮೂರು ಮನೆ ಕೆಳಗೆ ರೆಮೀಹಿಯೊ
ಮೊಮ್ಮಗಳ ಹಾಲಿನ ಪುಡಿಗೆಂದು ಹಿಡಿದ ನೀರು
ನೀಲಿ.
ಮೊದಲು ಲೋಟವನ್ನು ಬೈದ, ಆಮೇಲೆ ತನ್ನ ಕಣ್ಣನ್ನು,
ಆಮೇಲೆ ಸರ್ಕಾರವನ್ನು;
ಕೊನೆಗೆ ನಮ್ಮ ಒನೋಫ್ರೆಗೆ ಹೇಳಿಕಳಿಸಿದ.

ನಾನಾಗ ಹದಿನೆಂಟರ ಹುಡುಗಿ,
ಒನೋಫ್ರೆಯ ಸ್ಪ್ಯಾನರ್ ಚೀಲ ಹೊರುವವಳು.
ಯಾರು ಮಾಡಿದ್ದೆಂದು ಅವನು ಕೇಳಲೇ ಇಲ್ಲ.
ಮನೆಯಿಂದ ಮನೆಗೆ ಮೆಟ್ಟಿಲು ಹತ್ತುತ್ತಾ
ಒಂದೊಂದು ನಲ್ಲಿ ತಿರುಗಿಸಿದ:
ಇಲ್ಲಿ ಹಾಲಿಗೆ ಶಾಯಿ ತಾಗಿದಷ್ಟು, ಇಲ್ಲಿ ಆಕಾಶದಷ್ಟು,
ಇಲ್ಲಿ ಪೊಲೀಸರ ಅಂಗಿಯಷ್ಟು.
ಕೊನೆಯ ಗೇಟಿನಲ್ಲಿ ಎದುವೀಹಿಸ್ ನಿಂತಿದ್ದಳು
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಪುಣ್ಯ, ಬಣ್ಣವಾಗಿತ್ತು," ಅಂದ.
"ಕಳೆ ಸುಡುವ ಔಷಧಿಗೆ ಬಣ್ಣವೂ ಇರೋದಿಲ್ಲ ತಾಯಿ."
ನನ್ನತ್ತ ತಿರುಗಿ:
"ನೀರಿಗೆ ಮೇಲು ಕೆಳಗು ಗೊತ್ತಿಲ್ಲ ಕಣೇ.
ನೂಕುವವನು ಸೋತರೆ ಎಳೆಯುವವನ ಕಡೆಗೆ.
ಬಂದ ದಾರಿಯಲ್ಲೇ ವಾಪಸು,
ಆದರೆ ಬರಿಗೈಯಲ್ಲಿ ಹೋಗೋದಿಲ್ಲ."

ಜೇಬಿನಿಂದ ಹಿತ್ತಾಳೆಯ ಗಿಡ್ಡ ತುಂಡೊಂದು ತೆಗೆದು
ನಲ್ಲಿಯ ಮೂತಿಗೆ ತಿರುಗಿಸಿ ಕೂರಿಸಿದ.
ಒಳಗೊಂದು ರಬ್ಬರ್ ನಾಲಿಗೆ.
ಹೋಗುವ ನೀರಿಗೆ ಬಾಗುತ್ತದೆ, ಬರುವ ನೀರಿಗೆ ಕದ ಹಾಕುತ್ತದೆ;
ಹಿಂದಿನಿಂದ ಎಳೆತ ಬಂದರೆ ಪಕ್ಕದ ತೂತು ತೆರೆದು
ಕೊಳವೆಗೆ ಬರೀ ಗಾಳಿ ಕುಡಿಸುತ್ತದೆ.
"ಇದೂ ಒಂದು ದಿನ ಸವೆಯುತ್ತೆ, ರಬ್ಬರು ತಾನೆ.
ಸವೆಯದ್ದು ಒಂದೇ," ಎಂದು
ಪೈಪನ್ನು ಪೀಪಾಯಿಯಿಂದ ಎತ್ತಿ ಹಿಡಿದು
ತುದಿಗೂ ನೀರಿಗೂ ನಡುವೆ ಎರಡು ಬೆರಳು ತೂರಿಸಿದ.
"ಎತ್ತಿ ಹುಯ್ಯಿ. ಕಚ್ಚಿ ಕುಡಿಸಬೇಡ.
ನಲ್ಲಿಯ ತುಟಿ ತಾಗಿತೋ, ಊರೆಲ್ಲ ಎಂಜಲು."

ಹೀಗಂದವನೇ ಮೆಟ್ಟಿಲ ಮೇಲೆ ಕುಕ್ಕರಿಸಿ
ಸೋರೆಬುರುಡೆಗೆ ಮಾಟೆ ಸೊಪ್ಪು ತುಂಬಿದ,
ಫ್ಲಾಸ್ಕಿನ ಬಿಸಿನೀರು ಹುಯ್ದ.
ದಕ್ಷಿಣದ ದ್ವೀಪದವನು; ಅಲ್ಲಿ ಬುರುಡೆ ಒಂದು,
ಹೀರುವ ಬೆಳ್ಳಿ ಕೊಳವೆಯೂ ಒಂದು.
ತಾನು ಹೀರಿ ರೆಮೀಹಿಯೊಗೆ, ಅವನಿಂದ ನನಗೆ,
ನನ್ನಿಂದ ಎದುವೀಹಿಸ್‌ಗೆ.
ನೀಲಿ ಬೆರಳುಗಳನ್ನು ಅವಳು ಕೊನೆಗೂ ಮುಂದೆ ತಂದಳು.
ನಾನು ನಕ್ಕೆ: "ಈಗ ತುಟಿ ತಾಗಬಹುದೇನು?"
ಒನೋಫ್ರೆ ಯೋಚಿಸಿದ, ಮೀಸೆ ಒರೆಸಿಕೊಂಡ.
"ಇಲ್ಲಿ ಯಾರು ಯಾರ ಜೊತೆ ಕುಡೀತಿದ್ದೀವಿ
ಅಂತ ಗೊತ್ತಿದೆಯಲ್ಲ," ಅಂದ.
ಆಮೇಲೆ, "ಊದಬೇಡಿ ಮಾತ್ರ. ಎಳೀರಿ."

ರಾತ್ರಿಯಿಡೀ ನಲ್ಲಿಗಳನ್ನು ಬಿಟ್ಟೆವು.
ಮೋರಿಯಗುಂಟ ನೀಲಿ ಇಳಿದು
ಬಂದರಿನ ಕಡೆ ಹೋಯಿತು, ಅಲ್ಲಿ ಯಾರಿಗೂ ತಿಳಿಯಲಿಲ್ಲ.
ರೆಮೀಹಿಯೊನ ಬೋಗುಣಿಯಲ್ಲಿ ಒಂದು ವರ್ತುಲ ಉಳಿಯಿತು.
ಬಣ್ಣದ ಒಂದು ಪಾಲು ಕೊಳವೆಯ ಪಾಲಾಗಿ
ಎದುವೀಹಿಸಳ ಪರದೆ ತೊಳೆದ ಶಾಲೆಯ ಅಂಗಿಯಂತೆ
ತೆಳುವಾಗೇ ಉಳಿಯಿತು.

ಇವತ್ತಿಗೂ ಯಾರ ಮನೆಗೆ ಹೋದರೂ
ಮಾತಾಡಿಸುವ ಮೊದಲು
ಸಿಂಕಿನ ನಲ್ಲಿಯ ಕೆಳಗೆ ಎರಡು ಬೆರಳು ಇಡುತ್ತೇನೆ.
ಮನೆಯೊಡತಿಯರು ಕೈ ತೊಳೆಯಲೆಂದು
ಟವೆಲು ತಂದುಕೊಡುತ್ತಾರೆ.