ಮೂರನೆಯ ವಯರು

ಹಾಯ್ಕನುಶ್ ಕಾರಿಗಿಂತ ಮೊದಲು ಅದರ ಸದ್ದನ್ನು ತಂದಳು.
ಗ್ಯಾರೇಜಿನ ಬಾಗಿಲಲ್ಲಿ ನಿಂತು, ಕೈಚೀಲ ಎದೆಗವಚಿಕೊಂಡು
ಬಾಯಲ್ಲೇ ಬಾರಿಸಿ ತೋರಿಸಿದಳು:
ಟೊಕ್. ಟೊಕ್. ಟೊಕ್ ಟೊಕ್.
"ಕಟಕಟವೋ, ಲೊಟಲೊಟವೋ?" ಕೇಳಿದ ವರ್ದಗೆಸ್.
"ಎರಡೂ ಅಲ್ಲ. ಮುಚ್ಚಿದ ಕೋಣೆಯೊಳಗಿಂದ
ಯಾರೋ ಕುಟ್ಟಿದ ಹಾಗೆ."
ನಾನು ನಕ್ಕೆ.
ಅವನು ಕೈ ಒರೆಸಿಕೊಂಡು ಎದ್ದ.

ಗ್ಯೂಮ್ರಿಯ ಜನವರಿ. ಪಾನಾ ಮುಟ್ಟಿದರೆ ಬೆರಳಿನ ಚರ್ಮ ಅಂಟುತ್ತದೆ.
ಅವಳ ಝಿಗುಲಿ ನನಗಿಂತ ಹನ್ನೆರಡು ವರ್ಷ ಹಿರಿದು.
ಹಿಂದಿನ ಸೀಟು ಕಿತ್ತು ಲವಾಶ್ ರೊಟ್ಟಿಗೆ ಹಲಗೆ ಕೂರಿಸಿದ್ದಾಳೆ;
ಬಾನೆಟ್ ಎತ್ತಿದರೂ
ಎಣ್ಣೆಯ ಜೊತೆ ಸುಟ್ಟ ಹಿಟ್ಟಿನ ವಾಸನೆ.

ಒಂದೂವರೆ ವರ್ಷದ ವಿದ್ಯೆ ನನ್ನದು, ಬಾಯಿ ತುಂಬ ಹೆಸರು:
ಟೈಮಿಂಗ್ ಚೈನು, ಉಸ್ತಾ. ಇಲ್ಲಾ ವಾಲ್ವಿನ ಗ್ಯಾಪು.
ಇಲ್ಲಾ ವಾಟರ್ ಪಂಪು.
"ಇಲ್ಲಾ ನಿನ್ನ ತಲೆ" ಅಂದ.
ಎದುರಂಗಡಿಯ ತಗಡಿನ ಮನುಕ್‌ಗೆ ಕೈಸನ್ನೆ ಮಾಡಿದ,
ಅವನ ಸುತ್ತಿಗೆ ನಿಂತಿತು.
ನಮ್ಮಲ್ಲಿ ರೇಡಿಯೋ ಇಲ್ಲ. ಎಂದೂ ಇರಲಿಲ್ಲ.

ಮೊಳದುದ್ದದ ಸ್ಕ್ರೂಡ್ರೈವರು:
ತುದಿ ಇಂಜಿನ್ನಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ.
ಚೈನಿನ ಮೇಲೆ, ಸರಸರ. ವಯಸ್ಸಿನದು, ಇರಲಿ.
ವಾಲ್ವಿನ ಮುಚ್ಚಳದ ಮೇಲೆ, ಹೊಲಿಗೆ ಯಂತ್ರದ ಚಿಟಿಚಿಟಿ. ಅದೂ ಇರಲಿ.
ಕೆಳಗೆ, ಎಣ್ಣೆತೊಟ್ಟಿಯ ಅಂಚಿಗೆ ಬಂದಾಗ
ಅವನ ಭುಜ ಬಿಗಿಯಿತು.

ಪ್ಲಗ್ಗಿನ ವಯರು ಒಂದೊಂದಾಗಿ ಕೀಳು, ಅಂದ.
ಮೊದಲನೆಯದು. ಇಂಜಿನ್ ಕುಂಟಿತು,
ಕುಟ್ಟುವುದು ಕುಟ್ಟುತ್ತಲೇ ಇತ್ತು.
ಎರಡನೆಯದು ನನಗೆ ಶಾಕ್ ಹೊಡೆಯಿತು;
ನಾನು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ.
ಮೂರನೆಯದು.
ಸದ್ದು ಕಂಬಳಿ ಹೊದ್ದಂತೆ ತಗ್ಗಿತು.
"ಇಲ್ಲಿ ಯಾರೋ ಇದ್ದಾರೆ" ಅಂದ ವರ್ದಗೆಸ್.
ಏನೋ ಇದೆ, ಅನ್ನಲಿಲ್ಲ.

ಆ ಮಾತು ಹಿಡಿದುಕೊಂಡು ಮಧ್ಯಾಹ್ನ ಮನುಕ್‌ನನ್ನು ಕೇಳಿದೆ.
ಎಂಬತ್ತೆಂಟರ ಡಿಸೆಂಬರು, ಊರು ನೆಲಕ್ಕೆ ಕೂತ ವಾರ.
ವರ್ದಗೆಸನಿಗೆ ಹತ್ತೊಂಬತ್ತು.
ಆಗಾಗ ಶಿಳ್ಳೆ ಊದುತ್ತಿದ್ದರಂತೆ:
ಕ್ರೇನು ನಿಲ್ಲಬೇಕು, ಲಾರಿ ನಿಲ್ಲಬೇಕು,
ಅಳುವವರೂ ನಿಲ್ಲಿಸಬೇಕು.
ಕಿಟಕಿಯ ಸರಳೊಂದನ್ನು ಕಾಂಕ್ರೀಟಿನ ಬಿರುಕಿಗೆ ಊರಿ
ಇನ್ನೊಂದು ತುದಿಗೆ ಕಿವಿಯಿಟ್ಟು ಮಲಗುತ್ತಿದ್ದನಂತೆ.
ಕುಟ್ಟುವುದು ಕೇಳಿದರೆ ಕೈ ಎತ್ತಬೇಕು.
ಎಷ್ಟು ಸಲ ಎತ್ತಿದ?
ಮನುಕ್ ತಗಡು ತಿರುವಿ ಹಾಕಿ
ಬಡಿಯತೊಡಗಿದ.

ಇಂಜಿನ್ನನ್ನು ಸರಪಳಿಯಲ್ಲಿ ನಾಲ್ಕು ಬೆರಳು ಎತ್ತಿ
ತೊಟ್ಟಿ ಬಿಚ್ಚಿದೆವು.
ಮೂರನೆಯ ರಾಡಿನ ಬೇರಿಂಗು ಚಿಪ್ಪು ಉಗುರಿನಷ್ಟು ತೆಳು,
ಎಣ್ಣೆಯಲ್ಲಿ ಮಿನುಗುವ ಪುಡಿ,
ಮದುವೆಯ ಮರುದಿನದ ಕೆನ್ನೆಯ ಹಾಗೆ.
ಶಾಫ್ಟಿನ ಮೇಲೆ ಉಗುರೆಳೆದು ನೋಡಿದ. ಗೀರು ಸಿಗಲಿಲ್ಲ.
"ಅವಳ ಅದೃಷ್ಟ. ಇನ್ನೊಂದು ವಾರ ಓಡಿಸಿದ್ದರೆ
ರಾಡು ಹೊಟ್ಟೆ ಸೀಳಿಕೊಂಡು ಹೊರಬರುತ್ತಿತ್ತು."
ಹೊಸ ಚಿಪ್ಪು, ಹೊಸ ಎಣ್ಣೆ, ಎರಡು ದಿನ,
ನನ್ನ ಎಡಗೈಯ ಒಂದು ಉಗುರು.

ಹಾಯ್ಕನುಶ್ ಕೀಲಿ ತಿರುಗಿಸಿದಳು, ಕಿವಿಗೊಟ್ಟಳು,
ಸ್ಟಾರ್ಟೇ ಆಗಿಲ್ಲವೆಂದು ಮತ್ತೆ ತಿರುಗಿಸಿದಳು.
ಕಿರ್ರ್ರ್!
ನಾವು ಮೂವರೂ ಒಟ್ಟಿಗೆ ಕಿರುಚಿದೆವು.
"ಆಗಿದೆ ತಾಯೀ, ಆಗಿದೆ! ಬಿಡು!"
ಅರ್ಧ ದುಡ್ಡು ಕೊಟ್ಟಳು, ಉಳಿದರ್ಧಕ್ಕೆ
ಬಟ್ಟೆಯಲ್ಲಿ ಸುತ್ತಿದ ಬಿಸಿ ಲವಾಶ್.

ಸಂಜೆ ಶಟರ್ ಎಳೆಯುವ ಹೊತ್ತು.
ಒಳಗೆ ಯಾರದೋ ಕಾರು, ಆಗಷ್ಟೇ ಆಫ್ ಮಾಡಿದ್ದು.
ಕತ್ತಲಲ್ಲಿ ಟಿಣ್,
ಸ್ವಲ್ಪ ಬಿಟ್ಟು
ಟಿಣ್.
"ಕಬ್ಬಿಣ ತಣಿಯುತ್ತಿದೆ, ಉಸ್ತಾ."
"ಗೊತ್ತು" ಅಂದ.
ಶಟರಿನ ಕೊಕ್ಕೆ ಕೈಯಲ್ಲೇ ಹಿಡಿದು
ಅದು ಪೂರ್ತಿ ನಿಲ್ಲುವವರೆಗೆ ನಿಂತಿದ್ದ.
ಆಮೇಲೂ ತುಸು ಹೊತ್ತು.
ನನ್ನ ಬಸ್ಸು ತಪ್ಪಿತು.