ತೊಳೆಯಬಾರದ ಡಬ್ಬಿ

ಹಟ್ಟಿ ಚಿನ್ನದಗಣಿಯ ಕ್ಯಾಂಪಿನಲ್ಲಿ ನೆಣ ಗಟ್ಟಿಯಾಗುವುದು
ವರ್ಷಕ್ಕೆ ಹದಿನೈದೋ ಇಪ್ಪತ್ತೋ ದಿನ.
ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚೆ ಶುರು,
ಸಂಕ್ರಾಂತಿಯ ಎಳ್ಳು ಹಂಚುವುದರೊಳಗೆ ಮುಗಿಯಿತು.
ಉಳಿದ ಕಾಲವೆಲ್ಲ ಡಬ್ಬಿಯೊಳಗೆ
ಅತ್ತಿತ್ತ ಹೊರಳುವ ಮಂದ ನೀರು,
ಅಲುಗಿಸಿದರೆ ಬುಳಕ್ ಎನ್ನುತ್ತದೆ.

ಡಬ್ಬಿಯ ಮೇಲೆ ಹಸಿರು ತಾಳೆಮರ.
ತುಕ್ಕು ತಿಂದು ಬಿಟ್ಟ ನಾಲ್ಕು ಅಕ್ಷರ: ವನಸ್ಪತಿ.
ಒಳಗಿರುವುದು ಹಂದಿ.

ಮದುವೆಯಾಗಿ ಮಾನ್ವಿಯಿಂದ ಬಂದ ದಿನ
ಅತ್ತೆ ರಾಹೇಲಮ್ಮ ನನಗೆ ತೋರಿಸಿದ್ದು
ನಲ್ಲಿಯಲ್ಲಿ ನೀರು ಬರುವ ಹೊತ್ತು,
ಮಗನ ಶಿಫ್ಟಿನ ಚೀಟಿ,
ಆಮೇಲೆ ಈ ಡಬ್ಬಿ.

ಭಾನುವಾರ ಸಭೆ ಮುಗಿಸಿ ತಂದ ಮಾಂಸದಲ್ಲಿ
ಬಿಳಿಯದನ್ನೆಲ್ಲ ಬೇರೆ ಕೊಯ್ದು,
ಒಂದು ಲೋಟ ನೀರು ಬಿಟ್ಟು, ಸಣ್ಣ ಉರಿಯ ಮುಂದೆ
ಅವಸರವಿಲ್ಲದೆ ಕೂರುವಳು.
ನೀರು ಮೊದಲು ಮಾತಾಡುತ್ತದೆ, ಆಮೇಲೆ ನೆಣ.
ಎರಡರ ದನಿ ಬೇರೆ, ಕೇಳು, ಎನ್ನುವಳು.
ಗರಿಗರಿ ಚೂರು ಮೇಲೆ ತೇಲಿದಾಗ
ಉಪ್ಪು ಖಾರ ಉದುರಿಸಿ ಓಣಿಯ ಹುಡುಗರ ಕೈಗೆ.
ಉಳಿದದ್ದು ಹಳೇ ಸೆರಗಿನಲ್ಲಿ ಸೋಸಿ ಡಬ್ಬಿಗೆ,
ಹಳೆಯದರ ಮೇಲೆ ಹೊಸದು.
ಕಲ್ಲು ಅರೆದು ಬಂಗಾರ ತೆಗೆಯುವ ಊರು ಇದು,
ಸೋಸುವುದು ಯಾರಿಗೂ ಹೊಸದಲ್ಲ.

ಒಂದು ಚಮಚ ನೆಣದಲ್ಲಿ
ಜಜ್ಜಿದ ಬೆಳ್ಳುಳ್ಳಿ ಕೆಂಪಾದರೆ
ಪುಂಡಿಪಲ್ಲೆಯ ಹುಳಿಯೂ ತಗ್ಗಿ ನಡೆಯುತ್ತಿತ್ತು.
ಜೋಳದ ರೊಟ್ಟಿಗೆ ಸವರಿ, ಒಣಖಾರ ಚಿಮುಕಿಸಿ
ಸುರುಳಿ ಸುತ್ತಿ ಯೋನನ ಬುತ್ತಿಗಿಡುವಳು.
ನೆಲದೊಳಗಿನ ಸೆಕೆಯಲ್ಲಿ ಅದು ಆರುವುದೇ ಇಲ್ಲವಂತೆ.

ನಾನು ಹಾಸ್ಟೆಲಿನಲ್ಲಿ ಬೆಳೆದವಳು.
ನಿಮ್ಮ ಮನೇಲಿ ಏನು ತಿಂತೀರಿ ಅಂದರೆ
ಅನ್ನ, ಬೇಳೆ, ಅನ್ನಲು ಕಲಿತವಳು.
ಒಂದು ಬುಧವಾರ ಅತ್ತೆ ರೇಷನ್ನಿಗೆ ಹೋದಾಗ
ಸೋಡಾಪುಡಿ, ಕುದಿನೀರು, ತೆಂಗಿನ ನಾರು.
ಡಬ್ಬಿಯ ತಳದಲ್ಲಿ ನನ್ನ ಮುಖ ಕಾಣುವ ತನಕ ತಿಕ್ಕಿ
ಕಾಂಪೌಂಡಿನ ಮೇಲೆ ಬೋರಲು ಹಾಕಿದೆ.

ಬೈಯಲಿಲ್ಲ.
ಡಬ್ಬಿಯನ್ನೊಮ್ಮೆ ಮೂಸಿ
ಬಟ್ಟಲು ಹಿಡಿದು ಹೊರಟಳು. ಹಿಂದೆ ನಾನೂ.
ಮೂರನೇ ಲೈನಿನ ತಿಪ್ಪವ್ವನ ಬಾಗಿಲು.
‘ಹೋದ ಚಳಿಗಾಲದಾಗ ಒಯ್ದಿದ್ದೆಲ್ಲ,
ಒಂದೀಟು ವಾಪಸ್ ಕೊಡವ್ವ.’
ತಿಪ್ಪವ್ವ ಅಂಥದ್ದು ತಿನ್ನುವವಳಲ್ಲ.
ಹಿಮ್ಮಡಿಯ ಬಿರುಕಿಗೆಂದು ಒಯ್ದದ್ದು,
ಬಚ್ಚಲ ಗೂಡಿನ ಹಾರ್ಲಿಕ್ಸ್ ಬಾಟಲಿಯಲ್ಲಿ
ಎರಡು ಬೆರಳಷ್ಟು ಉಳಿದಿತ್ತು.

‘ಮೊಸರಿಗಾದ್ರ ಹೆಪ್ಪು ಬೇಕು. ಇದಕ್ಯಾಕ ಅತ್ತಿ?’
‘ಇದಕ್ಕಲ್ಲ, ನನಗ.’
‘ಕಾಲಿಗೆ ಹಚ್ಚಿದ್ದು ಅದು!’
‘ಕಾಲಿಗೊಂದು ಹೊಟ್ಟಿಗೊಂದು
ಬ್ಯಾರೆ ಬ್ಯಾರೆ ಹಂದಿ ಇರ್ತಾವೇನು?’

ಮಾವ ಸಾಯುವ ಹಿಂದಿನ ಭಾನುವಾರ ತಂದಿದ್ದ ಎರಡು ಕಿಲೋ
ಅದರ ತಳದಲ್ಲೆಲ್ಲೋ ಇತ್ತಂತೆ.
ಹೇಳಿದ್ದು ಯೋನ, ಆಕೆಯಲ್ಲ. ಅದೂ ಎಷ್ಟೋ ವರ್ಷದ ಮೇಲೆ.

ಸಭೆಯಲ್ಲಿ ಪಾಸ್ಟರು
ಬರಗಾಲದಲ್ಲೂ ಎಣ್ಣೆ ತೀರದ ಕುಡಿಕೆಯ ಮಾತೆತ್ತಿದರೆ
ತೂಕಡಿಸುತ್ತಿದ್ದವಳು ಎಚ್ಚರಾಗಿ ನನ್ನ ಕಿವಿಯಲ್ಲಿ:
‘ಆಕಿ ತೊಳೀಲಿಲ್ಲ, ಅದಕ್ಕ.’

ಈಗ ಆಕೆಯ ಕಣ್ಣು ಮಂಜು. ಮಂಚದಿಂದಲೇ
ಬಾಣಲೆಯ ದನಿ ಕೇಳಿ ‘ಹಾಕು’ ಅನ್ನುತ್ತಾಳೆ.
ಒಮ್ಮೊಮ್ಮೆ ತಪ್ಪುತ್ತಾಳೆ. ಹಾಕಿದೆ ಎಂದು ಸುಳ್ಳು ಹೇಳಿ
ಇನ್ನಷ್ಟು ಕಾಯಿಸುತ್ತೇನೆ.
ರಾತ್ರಿಪಾಳಿಯ ಸೈರನ್ ಆಗಿ ಅರ್ಧ ಗಂಟೆ,
ಹೊರಗೆ ಯೋನ ಬೂಟು ಕಳಚುವ ಸದ್ದು.
ಎರಡನೇ ಕ್ಲಾಸಿನ ಮಗಳು ತುಕ್ಕಿನ ಮೇಲೆ ಬೆರಳಿಟ್ಟು
ಓದುತ್ತಾಳೆ: ವ, ನ, ಸ್ಪ, ತಿ.
‘ಬರದದ್ದು ಹಂಗ. ಒಳಗಿಂದು ಹಂದಿದು,’ ಅಂದೆ.
‘ಗೊತ್ತೈತಿ ಬಿಡು,’ ಎಂದು ರೊಟ್ಟಿ ಚಾಚಿದಳು,
‘ಆ ಮೂಲಿಗೆ ಇನ್ನಷ್ಟು.’