ಮೊದಲು ಅನುಮಾನ

ಇಪ್ಪತ್ತರ ಮಿತಿಯಲ್ಲಿ ಇಪ್ಪತ್ತೊಂಬತ್ತು ಎನ್ನುತ್ತದೆ ಕಾಗದ.
ಪೀಠದಲ್ಲಿ ಕೂತ ಮೂವರೂ ದಯವಿಟ್ಟು ಫೋಟೋ ನೋಡಿ:
ಅದು ಪಂದ್ಯದ ಕಾರಲ್ಲ, ಸಂಚಾರಿ ಗ್ರಂಥಾಲಯ.
ಹೊಟ್ಟೆಯೊಳಗೆ ಎರಡು ಸಾವಿರ ಪುಸ್ತಕ,
ಮುಕ್ಕಾಲು ಪಾಲು ದೊಡ್ಡಕ್ಷರದಲ್ಲಿ ಅಚ್ಚಾದ ಕೊಲೆಗಳು.
ಏರಿನಲ್ಲಿ ಕುರಿಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತವೆ.

ಹೌದು, ವೆಲ್ಷ್‌ನಲ್ಲೇ ಮಾತಾಡುತ್ತೇನೆ, ಹಕ್ಕಿದೆ.
ಅನುವಾದಕರು ಕಿವಿಯ ಯಂತ್ರ ಹಂಚಲಿ, ಕಾಯುತ್ತೇನೆ.
ಕಾಯುವುದು ಹೊಸದಲ್ಲ. ಕಾಯಿಸುವುದಂತೂ ನನ್ನ ಕಸುಬು:
ಇಪ್ಪತ್ತಾರು ವರ್ಷ, ಒಂದು ಗುರುವಾರ ಬಿಟ್ಟು ಇನ್ನೊಂದು ಗುರುವಾರ,
ಇಡ್ವಲ್ ಪ್ರಿಚರ್ಡ್ ಹೊತ್ತಿಗೆ ಸರಿಯಾಗಿ ಬಂದಿದ್ದ
ಎಂದು ಈ ಕಣಿವೆಯಲ್ಲಿ ಯಾರಾದರೂ ಪ್ರಮಾಣ ಮಾಡಲಿ,
ದಂಡ ಈಗಲೇ ಕಟ್ಟುತ್ತೇನೆ.

ನನ್ನ ವಾದ ಸಣ್ಣದು.
ಕ್ಯಾಮೆರಾದ ವ್ಯಾನು ನಿಂತದ್ದು ಚಾಪೆಲ್ಲಿನ ಯೂ ಮರದ ಮರೆಗೆ.
ಪಾಪ ಹಿಡಿಯಲು ಒಳ್ಳೆಯ ಜಾಗ. ಒಳಗಿನ ಪಾದ್ರಿಗಳೂ
ಅರವತ್ತು ವರ್ಷದಲ್ಲಿ ಅಷ್ಟು ಹಿಡಿದಿರಲಾರರು.
ನಾನೇ ಟೇಪು ಹಿಡಿದು ಅಳೆದೆ, ಆ ತುದಿಗೆ ಹೆಂಡತಿ, ಕೊಡೆ ಸಮೇತ, ಬೈಯುತ್ತ:
ಮರದಿಂದ ಸೇತುವೆಗೆ ನೂರ ಎಂಬತ್ತು ಗಜ.
ಯಂತ್ರ ಎರಡನೆಯ ಸಾಕ್ಷಿಯಂತೆ, ಬಲ್ಲವರು ಹೇಳಿದರು.
ಮೊದಲು ಕಣ್ಣಿಗೆ ಅನಿಸಬೇಕು, ಇದು ಜೋರಾಯಿತು, ಎಂದು.
ಗುಂಡಿ ಒತ್ತುವುದು ಆಮೇಲೆ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ,
ಕಾಣುವ ಮೊದಲೇ ಪರಾಂಬರಿಸಿದರೆ?

ನೆರಿಸ್ ಪ್ಯೂ, ನೀವು ಹೇಳಿ.
ನಿಮ್ಮ ಕಣ್ಣಿಗೆ ಏನನಿಸಿತ್ತು?

ಅವಳು ಟಿಪ್ಪಣಿ ಪುಸ್ತಕ ಮುಚ್ಚಿದಳು.
"ಅನಿಸಲಿಲ್ಲ. ಗೊತ್ತಿತ್ತು.
ಏಳು ವರ್ಷದವಳಿದ್ದಾಗಿನಿಂದ ಆ ಹಳದಿ ಬಂಡಿಗೆ ಕಾದಿದ್ದೇನೆ,
ಅದೇ ಸೇತುವೆಯ ಕಟ್ಟೆಯ ಮೇಲೆ, ಒದ್ದೆ ಕಾಲುಚೀಲದಲ್ಲಿ.
ಮೊದಲು ಗೇರಿನ ನರಳಾಟ,
ಆಮೇಲೆ ಬೇಲಿಯ ಮೇಲಕ್ಕೆ ಹಳದಿ ಚಾವಣಿ,
ಆಮೇಲೆ ತುಂಬಾ ಹೊತ್ತು ಏನೂ ಇಲ್ಲ.
ಎಣಿಸುತ್ತಿದ್ದೆ. ನೂರಕ್ಕೆ ಬರುತ್ತಿತ್ತು, ಕೆಲವು ಸಲ ನೂರ ಹತ್ತಕ್ಕೆ.
ಆವತ್ತು ಅರವತ್ತೊಂಬತ್ತಕ್ಕೇ ಬಂತು."

ಅನುವಾದಕ ಒಂದು ಗಳಿಗೆ ಸುಮ್ಮನಿದ್ದ.
ಪ್ರಮಾಣಪತ್ರದ ತಾರೀಖು, ಮಂಜು, ಗಾಜಿನ ಮೇಲಿನ ಹನಿ,
ಇನ್ನೂ ಹನ್ನೊಂದು ಪ್ರಶ್ನೆ ಬರೆದುಕೊಂಡು ಬಂದಿದ್ದೆ.
ಮಡಿಸಿ ಜೇಬಿಗಿಟ್ಟೆ.

ಸರಿ, ಕೇಳಿ. ಕೌನ್ಸಿಲ್ಲಿನವರು ಈ ವರ್ಷ
ನಿಲುಗಡೆಗೆ ಹತ್ತೇ ನಿಮಿಷ ಎಂದರು. ಮೊದಲು ಇಪ್ಪತ್ತೈದಿತ್ತು.
ಹೆಲೆದ್ ಅಜ್ಜಿಗೆ ಮೆಟ್ಟಿಲು ಹತ್ತಲಿಕ್ಕೇ ನಾಲ್ಕು ಬೇಕು,
ಕೊಂದವನು ಯಾರೆಂದು ನನಗೆ ಹೇಳದೆ
ಅವರು ಯಾವ ಪುಸ್ತಕವನ್ನೂ ಹಿಂತಿರುಗಿಸುವುದಿಲ್ಲ.
ನಿಮಿಷ ಎಲ್ಲಿಂದ ತರಲಿ? ರಸ್ತೆಯಿಂದ ಕದ್ದೆ.
ಡಾಂಬರಿನ ಮೇಲೆ ಆಳುದ್ದ ಬರೆದಿದೆ: ಅರಾವ್. ನಿಧಾನ.
ನಿಧಾನವೇ ಪ್ರಧಾನ, ಗೊತ್ತು.
ಅಲ್ಲಿ ನಿಧಾನವಾಗಲಿಕ್ಕೆಂದೇ ಇಲ್ಲಿ ಬೇಗ ಬಂದೆ.

ದಂಡ, ವೆಚ್ಚ, ಲೈಸೆನ್ಸಿಗೆ ಮೂರು ಅಂಕ.
ಶಾಲೆಯಲ್ಲಿ ಯಾರೂ ಇಷ್ಟು ಸಲೀಸಾಗಿ ಕೊಟ್ಟಿರಲಿಲ್ಲ.

ಹೊರಗೆ ಕಾಫಿಯ ಯಂತ್ರದ ಗುಂಡಿ ಒತ್ತಿದರೆ ಸೂಪು ಬಂತು.
ಪಕ್ಕದಲ್ಲಿ ನೆರಿಸ್, ಕೋಟು ಹಾಕಿಕೊಂಡು, ಹೋಗದೆ.
"ಮನೆಯಲ್ಲಿ ನಿಮ್ಮದೊಂದು ಪುಸ್ತಕ ಉಳಿದಿದೆ, ನೀರುನಾಯಿಗಳದ್ದು.
ಹತ್ತೊಂಬತ್ತು ವರ್ಷವಾಯಿತು. ದಂಡ ಎಷ್ಟಾಗಿರಬಹುದು?"
ಲೆಕ್ಕ ಹಾಕಲು ಹೊರಟೆ, ವಾರಕ್ಕೆ ಇಷ್ಟು ಪೆನ್ನಿ,
ಸೂಪು ಬೆರಳು ಸುಟ್ಟಿತು, ಬಿಟ್ಟೆ.
ತಂದುಕೊಡು, ಎಂದೆ. ಸೇತುವೆಯ ಹತ್ತಿರ, ಬರುವ ಗುರುವಾರ.
ನೂರರ ತನಕ ಎಣಿಸು.